ಹಾಸಿಗೆ ಬಿಡಿಸುವ ಶಾಸನ

ವೈದ್ಯರ ಚಿಕಿತ್ಸೆ ಮುಗಿದ ದಿನವೇ ರೋಗಿಯ ಕಷ್ಟವೂ ಮುಗಿಯಿತೆಂದು ಹೇಳಲಾಗದು. ಪಾರ್ಶ್ವವಾಯು ಬಡಿದು ಒಂದು ಮಗ್ಗುಲು ಬಿದ್ದುಹೋದ ವೃದ್ಧರಿಗೆ ಆಸ್ಪತ್ರೆಯಲ್ಲಿ ಮಾಡತಕ್ಕುದನ್ನೆಲ್ಲ ಮಾಡಿದ ಬಳಿಕ ಉಳಿಯುವುದು ಆರೈಕೆಯ ಕೆಲಸ. ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಬೇಕು, ಉಣಿಸಬೇಕು, ಮಲಮೂತ್ರ ತೆಗೆಯಬೇಕು, ಬೆನ್ನು ಹುಣ್ಣಾಗದಂತೆ ಕಾಯಬೇಕು. ಇದಕ್ಕೆ ಆಸ್ಪತ್ರೆಯೇ ಬೇಕೆಂದಿಲ್ಲ. ಅತ್ತ ಹೊರಗಿನ ಪಡಸಾಲೆಯಲ್ಲಿ ಉಸಿರು ಕಟ್ಟಿದ ಇನ್ನೊಬ್ಬರು ಅದೇ ಹಾಸಿಗೆಗಾಗಿ ಕಾಯುತ್ತಿರುತ್ತಾರೆ. ಒಳಗಿರುವವರನ್ನು ಏಳಿಸಿ ಬೇರೆಡೆಗೆ ಕಳುಹಿಸುವುದು ನ್ಯಾಯವೇ? ಅವರು ಒಲ್ಲೆನೆಂದರೆ ಏನು ಮಾಡುವುದು?

ಈ ಪ್ರಶ್ನೆಗೆ ಶಾಸನದ ಮೂಲಕವೇ ಉತ್ತರ ಕೊಡಹೊರಟ ನಾಡೊಂದಿದೆ. ಕನ್ನಡದ ಕುಟುಂಬಗಳೂ ನೆಲೆಸಿರುವ ಕೆನಡಾ ದೇಶದ ಒಂಟಾರಿಯೊ ಪ್ರಾಂತ್ಯದಲ್ಲಿ 2022ರ ಆಗಸ್ಟ್ 31ರಂದು ಶಾಸನಸಭೆಯು ಒಂದು ಮಸೂದೆಗೆ ಸಮ್ಮತಿ ನೀಡಿತು. ಚಿಕಿತ್ಸೆ ಮುಗಿದರೂ ಆಸ್ಪತ್ರೆಯಲ್ಲಿಯೇ ಉಳಿದಿರುವ ರೋಗಿಯ ಒಪ್ಪಿಗೆ ದೊರೆಯದಿದ್ದರೂ ಅಧಿಕಾರಿಯು ಆತನಿಗೊಂದು ದೀರ್ಘಕಾಲದ ಶುಶ್ರೂಷಾಲಯವನ್ನು ಆರಿಸಬಹುದು, ಆತನ ಆರೋಗ್ಯದ ವಿವರಗಳನ್ನು ಅಲ್ಲಿಗೆ ಕಳುಹಿಸಬಹುದು. ದಕ್ಷಿಣ ಭಾಗದಲ್ಲಿ 70 ಕಿಲೋಮೀಟರ್, ಉತ್ತರದಲ್ಲಿ 150 ಕಿಲೋಮೀಟರ್ ದೂರದವರೆಗೆ ಸ್ಥಳ ಗೊತ್ತುಮಾಡಲು ಅವಕಾಶವುಂಟು. ಬಲಾತ್ಕಾರದಿಂದ ಎತ್ತಿಕೊಂಡು ಹೋಗುವಂತಿಲ್ಲ, ನಿಜ. ಆದರೆ ಬಿಡುಗಡೆಯಾದ ಮೇಲೂ ಹೋಗಲು ನಿರಾಕರಿಸಿದವರಿಗೆ ದಿನಕ್ಕೆ 400 ಡಾಲರ್ ವಿಧಿಸಬೇಕೆಂಬ ನಿಯಮವು ಅದೇ ವರ್ಷದ ನವೆಂಬರಿನಲ್ಲಿ ಜಾರಿಗೆ ಬಂದಿತು. ಕೈಹಿಡಿದು ಎಳೆಯದೆ ಎಳೆಯುವ ಉಪಾಯವಿದು. ವೃದ್ಧರ ಪರವಾದ ಸಂಸ್ಥೆಗಳು ನ್ಯಾಯಾಲಯದ ಮೆಟ್ಟಿಲೇರಿದವು. ಶಾಸನವು ಆ ದೇಶದ ಹಕ್ಕುಗಳ ಸನ್ನದನ್ನು ಉಲ್ಲಂಘಿಸಿಲ್ಲವೆಂದು 2025ರ ಜನವರಿಯಲ್ಲಿ ತೀರ್ಪು ಬಂದಿತು.

ಆಸ್ಪತ್ರೆಯ ಹಾಸಿಗೆ ಸರ್ವರ ಸೊತ್ತು. ಹೆಚ್ಚು ಅಗತ್ಯವಿರುವವರಿಗೆ ಅದನ್ನು ಬಿಟ್ಟುಕೊಡೆನ್ನುವುದರಲ್ಲಿ ಅಧರ್ಮವಿಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಹಾಸಿಗೆ ಬಿಡೆನ್ನುವುದು ಒಂದು ಮಾತು, ನಿನ್ನ ಕಡೆಯ ದಿನಗಳನ್ನು ಇಂಥಲ್ಲಿಯೇ ಕಳೆಯೆನ್ನುವುದು ಇನ್ನೊಂದು ಮಾತು. ಎಪ್ಪತ್ತು ಕಿಲೋಮೀಟರ್ ಎಂದರೆ ಭಾಲ್ಕಿಯಿಂದ ಬೀದರಿಗಿರುವ ದಾರಿಗಿಂತ ಬಹಳ ಹೆಚ್ಚು. ಬಸ್ಸು ಹತ್ತಲಾರದ ಮುದುಕಿ ತನ್ನ ಗಂಡನ ಮುಖವನ್ನು ಮತ್ತೆಂದು ಕಂಡಾಳು?

ನಮ್ಮಲ್ಲಿ ಇಂಥ ಶಾಸನವಿಲ್ಲವಲ್ಲ ಎಂದು ಸಮಾಧಾನಪಡುವ ಮುನ್ನ ನಮ್ಮ ಜಿಲ್ಲೆಯ ಕಡೆಗೊಮ್ಮೆ ನೋಡಬೇಕು. ನಮ್ಮ ಕಡೆ ನರ್ಸಿಂಗ್ ಹೋಮ್ ಎಂದರೆ ಖಾಸಗಿ ಆಸ್ಪತ್ರೆ. ಮುದುಕರನ್ನು ವರ್ಷಗಟ್ಟಲೆ ಜೋಪಾನ ಮಾಡುವ ಸ್ಥಳವೆಂಬ ಅರ್ಥ ಆ ಹೆಸರಿಗಿಲ್ಲ. ಮಹಾರಾಷ್ಟ್ರದ ಗಡಿಗೆ ಸಮೀಪದ ಮೆಹಕರದಂಥ ಊರಿನ ಮನೆಯೊಂದನ್ನು ಕಣ್ಮುಂದೆ ತಂದುಕೊಳ್ಳೋಣ. ರೋಗಿಯನ್ನು ಭಾಲ್ಕಿಗೋ ಬೀದರಿಗೋ ಗಡಿಯಾಚೆ ಉದಗೀರಕ್ಕೋ ಒಯ್ದಿರುತ್ತಾರೆ. ಕೆಲವು ದಿನ ಕಳೆದ ಮೇಲೆ, "ಇನ್ನ ಮುತ್ಯಾನ ಮನಿಗಿ ಒಯ್ರಿ" ಎಂಬ ಮಾತು ಬರುತ್ತದೆ. ಮಗ ಕಾಗದಕ್ಕೆ ರುಜು ಹಾಕುತ್ತಾನೆ. ಹೊಲವೋ ಹೈದರಾಬಾದಿನ ಕೂಲಿಯೋ ಅವನನ್ನು ಕರೆಯುತ್ತಿರುತ್ತದೆ. ಮರುದಿನದಿಂದ ಮುತ್ಯಾನ ಹಗಲು ರಾತ್ರಿಗಳೆಲ್ಲ ಸೊಸೆಯ ಪಾಲಿಗೆ. ಆಸ್ಪತ್ರೆಯಲ್ಲಿ ಮೂವರು ದಾದಿಯರು ಸರದಿಯಂತೆ ಮಾಡುತ್ತಿದ್ದುದನ್ನು ಆಕೆಯೊಬ್ಬಳೇ ಮಾಡಬೇಕು. ಎತ್ತಿ ಕೂಡಿಸುವ ಬಗೆಯನ್ನೂ ಆಕೆಗೆ ಯಾರೂ ಕಲಿಸಿರುವುದಿಲ್ಲ. ಒಂಟಾರಿಯೊದ ಶಾಸನವು ರೋಗಿಯ ಒಪ್ಪಿಗೆಯನ್ನು ದಾಟಿ ಹೋಯಿತೆಂದು ಅಲ್ಲಿ ವ್ಯಾಜ್ಯವಾಯಿತು. ಇಲ್ಲಿ ಆರೈಕೆ ಮಾಡುವವಳ ಒಪ್ಪಿಗೆಯನ್ನು ದಾಟಿ ಹೋಗುವುದಕ್ಕೆ ಶಾಸನವೇ ಬೇಕಾಗಿಲ್ಲ.

ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಕೇಂದ್ರ ಶಾಸನವೊಂದು ಆಯಿತು. ಹಿರಿಯರನ್ನು ತೊರೆದುಬಿಡುವವರಿಗೆ ಮೂರು ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿವರೆಗಿನ ದಂಡ, ಇಲ್ಲವೆ ಎರಡನ್ನೂ ಅದು ವಿಧಿಸುತ್ತದೆ. ಜಿಲ್ಲೆಗೆ ಒಂದರಂತೆ ಮೊದಲುಮಾಡಿ, ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಸಾಲುವ ವೃದ್ಧಾಶ್ರಮಗಳನ್ನು ಸರ್ಕಾರ ಸ್ಥಾಪಿಸಬಹುದೆಂದೂ ಹೇಳುತ್ತದೆ. ಮಕ್ಕಳಿಗೆ 'ತಕ್ಕದ್ದು', ಸರ್ಕಾರಕ್ಕೆ 'ಬಹುದು'! ಆ ಶಾಸನದಲ್ಲಿ 'ಮಕ್ಕಳು' ಎಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆಯ ಹೆಸರಿಲ್ಲ. ಹೊಣೆಯ ಪಟ್ಟಿಯಲ್ಲಿ ಆಕೆ ಇಲ್ಲದ್ದು ಸರಿಯೇ ಇರಬಹುದು. ಆದರೆ ದುಡಿಮೆಯೆಲ್ಲ ಯಾರದೋ ಅವರ ಗುರುತೇ ಎಲ್ಲಿಯೂ ಇಲ್ಲವಲ್ಲ!

ಬೇರೆ ರೀತಿಯಾಗಿ ಯೋಚಿಸಿದ ಶಾಸನವೂ ನಮ್ಮ ದೇಶದಲ್ಲಿಯೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ಮನೆಯವರು ಒಲ್ಲೆಂದರೆಂಬ ಅಥವಾ ಮನೆಯೇ ಇಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಮಾನಸಿಕ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬಾರದೆನ್ನುತ್ತದೆ. ಅಷ್ಟಕ್ಕೇ ನಿಲ್ಲದೆ, ಅಂಥವರು ಸಮಾಜದ ನಡುವೆ ಬಾಳಲು ಬೇಕಾದ ನೆರವನ್ನೂ ವಸತಿಯನ್ನೂ ಸರ್ಕಾರವೇ ಒದಗಿಸತಕ್ಕದ್ದೆಂದು ಹೇಳುತ್ತದೆ. ಇಲ್ಲಿಯೂ ರೋಗಿ ಆಸ್ಪತ್ರೆಯಿಂದ ಹೊರಗೆ ಬರುತ್ತಾನೆ. ಆದರೆ ಒಂಟಾರಿಯೊದ ಲೆಕ್ಕ ಹಾಸಿಗೆಯಿಂದ ಆರಂಭವಾಯಿತು, ಈ ಲೆಕ್ಕ ಮನುಷ್ಯನಿಂದ. ಆಚರಣೆಯಲ್ಲಿ ಇದು ಎಷ್ಟರಮಟ್ಟಿಗೆ ಕೈಗೂಡಿದೆಯೆಂಬುದು ಬೇರೆಯೇ ಮಾತು. ಆದರೂ ಪಾರ್ಶ್ವವಾಯುವಿನ ಮುತ್ಯಾನಿಗೂ ಇಂಥದೊಂದು 'ತಕ್ಕದ್ದು' ಏಕಿರಬಾರದು?

ಅಂಥ ಕಾನೂನು ಬರುವವರೆಗೆ ಊರು ಸುಮ್ಮನಿರಬೇಕೇ? ನಮ್ಮ ಹಳ್ಳಿಗಳಲ್ಲಿ ಸಾವಾದ ಮನೆಗೆ ನೆರೆಯವರು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ; ಆ ಮನೆಯಲ್ಲಿ ಒಲೆ ಹೊತ್ತಿಲ್ಲವೆಂದು ಯಾರೂ ಹೇಳಿಕಳುಹಿಸಬೇಕಾಗಿಲ್ಲ. ಮೂರು ವರ್ಷ ಹಾಸಿಗೆ ಹಿಡಿದವರಿರುವ ಮನೆಗೆ ಮೊದಲ ವಾರ ಎಲ್ಲರೂ ಬಂದು ಮಾತಾಡಿಸಿ ಹೋಗುತ್ತಾರೆ, ಆಮೇಲೆ ಯಾರೂ ಹೊಸ್ತಿಲು ತುಳಿಯುವುದಿಲ್ಲ. ಮಠದ ಪಂಕ್ತಿಯಲ್ಲಿ ದಾಸೋಹದ ಸೌಟು ಹಿಡಿದು ಬೆಳೆದ ಹಳೆಯ ವಿದ್ಯಾರ್ಥಿಗಳು ಇಂದು ಎಷ್ಟೋ ಊರುಗಳಲ್ಲಿದ್ದಾರೆ. ವಾರಕ್ಕೊಂದು ರಾತ್ರಿ ಮುತ್ಯಾನ ಬಳಿ ಒಬ್ಬರು ಕುಳಿತರೆ, ಸೊಸೆ ಆ ಒಂದು ರಾತ್ರಿಯಾದರೂ ಕಣ್ತುಂಬ ನಿದ್ದೆ ಮಾಡಿಯಾಳು.