ದೋಣಿಯ ಮೌನ ಮತ್ತು ಮನಸ್ಸಿನ ಭಾವ

ಜರ್ಮನಿಯ ಬವೇರಿಯಾ ಪ್ರಾಂತದಲ್ಲಿ, ಪರ್ವತಗಳ ನಡುವೆ ಕೋನಿಗ್ಸ್‌ಸೀ ಎಂಬ ಸರೋವರವಿದೆ. ಅಲ್ಲಿ 1909ರಿಂದಲೇ ಪ್ರವಾಸಿಗರ ದೋಣಿಗಳು ಬ್ಯಾಟರಿಯ ವಿದ್ಯುತ್ತಿನಿಂದ ಸಂಚರಿಸುತ್ತಿವೆ. ಹೊಗೆಯಿಲ್ಲ, ನೀರಿಗೆ ಸೋರುವ ಇಂಧನವಿಲ್ಲ, ಯಂತ್ರದ ಅಬ್ಬರವಿಲ್ಲ. ಇದು ಜೀವದಯೆಯ ಫಲವೆಂದು ಸಂತೋಷಪಡುವಷ್ಟರಲ್ಲಿ ಅದರ ಕಾರಣ ತಿಳಿದು ಮನಸ್ಸು ಮುದುಡುತ್ತದೆ. ಎಂಜಿನ್ನಿನ ಸದ್ದಿಗೆ ಬೇಟೆಯ ಮೃಗಗಳು ಚದುರಿಯಾವೆಂಬ ಚಿಂತೆಯಿಂದ ರಾಜಪ್ರತಿನಿಧಿ ಲುಯಿಟ್‌ಪೋಲ್ಡ್ ವಿದ್ಯುತ್ತಿಗೆ ಒಪ್ಪಿದನಂತೆ!

ದ್ರವ್ಯಹಿಂಸೆ ತಗ್ಗಿತು, ಭಾವಹಿಂಸೆ ಹಾಗೆಯೇ ಉಳಿಯಿತು. ಹಾಗೆಂದು ಆ ದೋಣಿಗಳಿಗೆ ಬೆಲೆಯಿಲ್ಲವೇ? ಲೆಕ್ಕದ ಪುಸ್ತಕಗಳೊಡನೆ ಬಾಳಿದ ನಾನು ಇವೆರಡನ್ನೂ ಒಂದೇ ಖಾತೆಗೆ ಬರೆಯಲಾರೆ. ಭಾವದ ಬಂಧ ಆ ದೊರೆಯದು. ಜಲಚರಗಳಿಗೆ ದೊರೆತ ಶುದ್ಧ ನೀರು ಅವುಗಳ ಪಾಲಿನ ಲಾಭ. ಇಂದು ಪೆಟ್ರೋಲ್ ಬಿಟ್ಟು ಬ್ಯಾಟರಿಯ ದೋಣಿ ಕೊಳ್ಳುವ ಸದ್ಗೃಹಸ್ಥರೂ ತಮ್ಮ ಎರಡನೆಯ ಖಾತೆಯನ್ನು ತೆರೆದು ನೋಡಬೇಕು. ಸದ್ದಡಗಿದ ಮಾತ್ರಕ್ಕೆ ನೀರಿನಡಿಯ ಪ್ರೊಪೆಲರಿನ ಅಲಗು ನಿಂತಿರುವುದಿಲ್ಲವಷ್ಟೆ.