ಹೆಬ್ಬೆಟ್ಟಿನ ಒಪ್ಪಿಗೆ

ಎಂ.ಬಿ.ಎ. ತರಗತಿಯಲ್ಲಿ 1872ರ ಕರಾರು ಕಾಯ್ದೆ ಓದಿಸುತ್ತಾರೆ. ಒಪ್ಪಿಗೆ ಮುಕ್ತವಾಗಿರಬೇಕು ಎನ್ನುತ್ತದೆ ಅದು. ಹಿರೇಕೊಟ್ನೆಕಲ್‌ನಂಥ ನಮ್ಮ ಮಾನ್ವಿ ಸೀಮೆಯ ಊರುಗಳಿಂದ ಗುಳೆ ಹೋಗುವವರು ಮುಂಗಡಕ್ಕೆ ಹೆಬ್ಬೆಟ್ಟು ಒತ್ತುತ್ತಾರಲ್ಲ, ಅದು ಮುಕ್ತವೇ? 'ನೀನೇ ಒಪ್ಪಿ ರೊಕ್ಕ ತಗಂಡಿಯಲ್ಲಲೇ' ಅಂತಾನ ಮೇಸ್ತ್ರಿ. ತಗಂಡಿದ್ದು ಖರೆ. ಮನ್ಯಾಗ ಜ್ವಾಳ ಇದ್ದಿದ್ರ ತಗೊಂತಿದ್ದಿವೇನು?

ಏಷ್ಯಾಡ್ ಕಟ್ಟಡ ಕೂಲಿಗಳ ಮೊಕದ್ದಮೆಯಲ್ಲಿ, 1982ರಲ್ಲಿ, ಸುಪ್ರೀಂ ಕೋರ್ಟು ಇದನ್ನೇ ಹೇಳಿತು: ಹಸಿವಿಗೆ ಮಣಿದು ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ.

ಬಾಬಾಸಾಹೇಬರೂ 1925ರಿಂದ ಕೆಲಕಾಲ ಮುಂಬಯಿಯಲ್ಲಿ ವಾಣಿಜ್ಯ ಕಾನೂನು ಕಲಿಸಿದವರು. ಈಗ ನಮ್ಮ ಮಕ್ಕಳೂ ಆ ಪಾಠಕ್ಕೆ ಕೂತಿದ್ದಾರೆ. ನೀತಿಶಾಸ್ತ್ರದಲ್ಲಿ ಅವರು ಪಾಸಾಗಲಿ. ಆದರೆ ನಾಳೆ ಕರಾರು ಬರೆಸುವ ಕುರ್ಚಿಯಲ್ಲಿ ಕೂತಾಗ, ಎದುರಿನ ಹೆಬ್ಬೆಟ್ಟಿನ ಹಿಂದಿನ ಹಸಿವು ಅವರ ಕಣ್ಣಿಗೆ ಕಾಣಬೇಕು.