ಒಬ್ಬನೇ ಹೋಗೋದು ಬೇರೆ, ಹೇಳದೆ ಹೋಗೋದು ಬೇರೆ



ಕಳೆದ ವಾರ ಯೂತ್ ಮೀಟಿಂಗ್ ಮುಗಿದ ಮೇಲೆ ಒಬ್ಬ ತಮ್ಮ ಕೇಳಿದ, "ಪಾಸ್ಟರ್, ನಾನು ಒಬ್ಬನೇ ಟ್ರೆಕ್ಕಿಂಗ್ ಹೋದ್ರೆ ಯಾರಿಗೇನು ನಷ್ಟ? ಕಾಲು ನಂದು, ರಿಸ್ಕೂ ನಂದೇ." ನಾನು ತಕ್ಷಣ ಉತ್ತರ ಕೊಡಲಿಲ್ಲ. ಯಾಕಂದ್ರೆ ಇಪ್ಪತ್ತಾರನೇ ವಯಸ್ಸಲ್ಲಿ ಅದೇ ಮಾತನ್ನ ನಾನೂ ಆಡಿದ್ದೆ.

ಆಗ ಬೆಂಗಳೂರಲ್ಲಿ ಪಿಜಿಯಲ್ಲಿದ್ದೆ. ಏಪ್ರಿಲ್ ತಿಂಗಳು. ಕೆಲಸ, ಟ್ರಾಫಿಕ್, ರೂಮಿನ ಗಲಾಟೆ ಎಲ್ಲಾ ಸಾಕಾಗಿ ತಡಿಯಂಡಮೋಳ್ ಬೆಟ್ಟಕ್ಕೆ ಹೊರಟೆ. ಕೊಡಗಿನಲ್ಲೇ ಅತಿ ಎತ್ತರದ ಬೆಟ್ಟ ಅದು, 1748 ಮೀಟರ್. ಅಮ್ಮನಿಗೆ ಫೋನಲ್ಲಿ "ಮೈಸೂರಿಗೆ ಫ್ರೆಂಡ್ ಮನೆಗೆ ಹೋಗ್ತಿದೀನಮ್ಮ" ಅಂದೆ. ಸುಮ್ನೆ ಯಾಕೆ ಹೆದರಿಸೋದು ಅಂತ! ನೋಡಿ, ಸುಳ್ಳಿಗೂ ಪ್ರೀತಿ ಅಂತ ಹೆಸರಿಟ್ಟಿದ್ದೆ.

ಕಕ್ಕಬ್ಬೆ ಹತ್ತಿರ ನಾಲ್ಕುನಾಡು ಅರಮನೆ ಕಡೆಯಿಂದ ದಾರಿ ಏರುತ್ತೆ. ಚೆಕ್‌ಪೋಸ್ಟ್‌ನಲ್ಲಿದ್ದ ಅಣ್ಣ ರಿಜಿಸ್ಟರ್ ಮುಂದಿಟ್ಟು, "ಒಬ್ರೇನಾ? ಮನೆಯವರ ನಂಬರ್ ಬರೀರಿ" ಅಂದ್ರು. ಅಮ್ಮನ ನಂಬರ್ ಬರೆದ್ರೆ ಸುಳ್ಳು ಹೊರಗೆ ಬರುತ್ತಲ್ಲ? ಅಲ್ಲೂ ನನ್ನ ನಂಬರನ್ನೇ ಬರೆದೆ.

ಹತ್ತಿದ್ದು ಚೆನ್ನಾಗಿತ್ತು. ಆ ಮೌನ, ಒಣಗಿದ ಹುಲ್ಲಿನ ಮೇಲೆ ಗಾಳಿಯ ಸದ್ದು. ಎಷ್ಟೋ ತಿಂಗಳ ಮೇಲೆ ಮನಸ್ಸು ಬಿಚ್ಚಿ ಪ್ರಾರ್ಥನೆ ಮಾಡಿದೆ. ಅದನ್ನ ನಾನು ಇವತ್ತಿಗೂ ಅಲ್ಲಗಳೆಯಲ್ಲ. ಆದ್ರೆ ತುದಿ ಮುಟ್ಟುವಾಗ ಮಧ್ಯಾಹ್ನ ದಾಟಿತ್ತು, ಮೋಡ ಕಟ್ಟಿತ್ತು. ಬೇಸಿಗೆ ಅಂದ್ರೆ ಅಲ್ಲಿ ಬೆಳಗ್ಗೆ ಬಿಸಿಲು, ಮಧ್ಯಾಹ್ನ ಗುಡುಗು. ಅವಸರದಲ್ಲಿ ಇಳಿಯುವಾಗ ತರಗೆಲೆ ಮೇಲೆ ಜಾರಿ ಪಾದ ಉಳುಕಿತು. ಫೋನಿಗೆ ನೆಟ್‌ವರ್ಕ್ ಇಲ್ಲ, ಬಾಟಲಿಯಲ್ಲಿ ಅರ್ಧ ನೀರು.

ಅಲ್ಲಿ ಕೂತಾಗ ನನಗೆ ಹೊಳೆದದ್ದು ಇಷ್ಟೇ. ನಾನು ಬರಲಿಲ್ಲ ಅಂತ ಚೆಕ್‌ಪೋಸ್ಟಿನವರು ಫೋನ್ ಮಾಡಿದ್ರೆ ಅದು ಬರೋದು ನನ್ನ ಜೇಬಲ್ಲಿ ಸತ್ತು ಬಿದ್ದಿರೋ ಫೋನಿಗೇ. ಅಮ್ಮ ಹುಡುಕೋಕೆ ಹೊರಟ್ರೆ ಹೋಗೋದು ಮೈಸೂರಿಗೆ. ನನ್ನ ಸುಳ್ಳು ನನ್ನನ್ನ ಬರೀ ಬಚ್ಚಿಟ್ಟಿರಲಿಲ್ಲ, ಅಮ್ಮನ ಕೈಗೆ ತಪ್ಪು ವಿಳಾಸ ಕೊಟ್ಟಿತ್ತು.

ಅಮೆರಿಕದ ಏರನ್ ರಾಲ್ಸ್ಟನ್ ಕಥೆ ಕೇಳಿರಬಹುದು. 2003ರ ಏಪ್ರಿಲ್‌ನಲ್ಲಿ ಯಾರಿಗೂ ಹೇಳದೆ ಯೂಟಾದ ಒಂದು ಕಣಿವೆಗೆ ಒಬ್ಬನೇ ಇಳಿದ. ಬಂಡೆಯಡಿ ಕೈ ಸಿಕ್ಕಿಕೊಂಡಿತು. ಐದು ದಿನ ಕಾದು, ಕೊನೆಗೆ ತನ್ನ ಕೈಯನ್ನ ತಾನೇ ಕತ್ತರಿಸಿ ಹೊರಬಂದ. ಅವನ ಧೈರ್ಯ ದೊಡ್ಡದೇ. ಆದ್ರೆ ಎಲ್ಲಿದ್ದಾನೆ ಅಂತ ಯಾರಿಗಾದ್ರೂ ಮೊದಲೇ ಗೊತ್ತಿದ್ದಿದ್ರೆ, ಹುಡುಕೋಕೆ ಒಂದು ದಾರಿ ಇರ್ತಿತ್ತು.

"ಹೇಳಿದ್ರೆ ಕಳಿಸಲ್ಲ ಪಾಸ್ಟರ್" ಅಂತೀರಿ. ನಿಜ, ಎಷ್ಟೋ ಮನೆಗಳಲ್ಲಿ ಕಳಿಸಲ್ಲ, ಅದರಲ್ಲೂ ಹೆಣ್ಣುಮಕ್ಕಳನ್ನ. ಹಾಗಿದ್ರೆ ಆ ಜಗಳವನ್ನ ನೇರವಾಗಿ ಆಡಿ. ಅದೂ ಆಗದಿದ್ರೆ ನಂಬಿಕೆಯ ಒಬ್ಬ ಸ್ನೇಹಿತರಿಗಾದ್ರೂ ಹೇಳಿ. ರಿಸ್ಕ್ ನಂದು ಅನ್ನೋ ಮಾತು ಅರ್ಧ ಸತ್ಯ. ನೋವು ನಂದಿರಬಹುದು, ಹುಡುಕಾಟ ಬೇರೆಯವರದ್ದು.

ನಮ್ಮ ಕರ್ತನೂ ಒಬ್ಬನೇ ಬೆಟ್ಟಕ್ಕೆ ಹೋದ. ಮಾರ್ಕನ ಸುವಾರ್ತೆ ಆರನೇ ಅಧ್ಯಾಯ ತೆಗೆದು ನೋಡಿ. ಆತ ಗುಟ್ಟಾಗಿ ತಪ್ಪಿಸಿಕೊಂಡು ಹೋಗಲಿಲ್ಲ. ಶಿಷ್ಯರನ್ನ ದೋಣಿ ಹತ್ತಿಸಿ, ಜನರನ್ನ ಕಳಿಸಿ, ಬೀಳ್ಕೊಟ್ಟು ಹೋದ. ದೂರದಲ್ಲಿದ್ದರೂ ದೋಣಿಯಲ್ಲಿ ಕಷ್ಟಪಡ್ತಿದ್ದವರನ್ನ ನೋಡಿದ, ಅವರ ಹತ್ತಿರ ಬಂದ. ಏಕಾಂತ ಅಂದ್ರೆ ಇದು, ಪ್ರಿಯರೇ. ನಮ್ಮವರಿಂದ ಕಳಚಿಕೊಳ್ಳೋದಲ್ಲ, ಅವರ ಹತ್ತಿರಕ್ಕೇ ಮರಳಿ ಬರೋದು.

ಅವತ್ತು ಕುಂಟುತ್ತಾ, ಕೂರುತ್ತಾ ಇಳಿದೆ. ಕತ್ತಲಾಗೋ ಹೊತ್ತಿಗೆ ಆ ಚೆಕ್‌ಪೋಸ್ಟ್ ಅಣ್ಣ ಟಾರ್ಚ್ ಹಿಡಿದು ಎದುರಿಗೆ ಬಂದ್ರು, ಚೆನ್ನಾಗಿ ಬೈದ್ರು. ರಾತ್ರಿ ಅಮ್ಮನಿಗೆ ಎಲ್ಲಾ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು, ಕೊನೆಗೆ, "ಯಾವ ಬೆಟ್ಟ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲೋ" ಅಂದ್ರು.

ಹೋಗಿ ಬನ್ನಿ, ಒಬ್ಬರೇ ಹೋಗಿ ಬನ್ನಿ. ಆದ್ರೆ ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್, ಬರದಿದ್ರೆ ಯಾವಾಗ ಹುಡುಕಬೇಕು, ಈ ಮೂರನ್ನೂ ಹೇಳಿ ಹೋಗಿ. ಇವತ್ತು ಯಾರಿಗಾದ್ರೂ ತಪ್ಪು ವಿಳಾಸ ಕೊಟ್ಟಿದ್ರೆ, ಮನೆಗೆ ಹೋಗೋ ಮುಂಚೆ ಒಂದು ಫೋನ್ ಮಾಡಿ. ಆಮೆನ್.